ಹೊರಗೆ ಹೋದ ಬಾಗಿಲು

೬ ಜೂನ್ ೧೯೩೮, ಸೋಮವಾರ

ಬಾಗಿಲು ಬಂತು!

ಕಲಬುರ್ಗಿಯಿಂದ ಲಾಡ್ಲೆಸಾಬನ ಗಾಡಿಯಲ್ಲಿ, ಹುಲ್ಲಿನ ಮೇಲೆ ಮಲಗಿಕೊಂಡು, ಮದುಮಗಳ ಠೀವಿಯಲ್ಲಿ ಬಂತು. ಸಾಗವಾನಿ ಕಟ್ಟಿಗೆಯ ಒಂಟಿ ಬಾಗಿಲು, ಆರೂವರೆ ಅಡಿ ಎತ್ತರ, ನಡುವೆ ಕೆತ್ತಿದ ಶಿಲುಬೆ. ಚೌಡಾಪುರದಲ್ಲಿ ಇಂಥ ಬಾಗಿಲು ಗೌಡರ ವಾಡೆಗೂ ಇಲ್ಲ. ಐದು ವರ್ಷದಿಂದ ಈ ಕೇರಿಯಲ್ಲಿ ಉಪದೇಶಿಯಾಗಿದ್ದೇನೆ. ಇಷ್ಟು ದಿನ ನಮ್ಮ ಆರಾಧನೆ ನಡೆದದ್ದು ಬೇವಿನ ಮರದ ಕೆಳಗೆ, ಕೋಳಿ ನಾಯಿಗಳ ಸಮ್ಮುಖದಲ್ಲಿ. ಈಗ ಗೋಡೆ ಎದ್ದಿವೆ, ಮೇಲೆ ಶಹಾಬಾದಿ ಕಲ್ಲು ಹಾಸಿದೆ, ಬಾಗಿಲೂ ಬಂತು.

ದೊಡ್ಡ ಪಾದ್ರಿಗಳ ಕಾಗದವನ್ನು ಮತ್ತೊಮ್ಮೆ ತೆಗೆದು ಓದಿದೆ. ಜುಲೈ ಮೂವತ್ತೊಂದರ ಭಾನುವಾರ ಅವರೇ ಬಂದು ದೇವಾಲಯದ ಪ್ರತಿಷ್ಠೆ ಮಾಡುತ್ತಾರೆ. ಅಷ್ಟರೊಳಗೆ ಕಟ್ಟಡ ಬಾಗಿಲು, ಬೀಗ ಸಹಿತ ಮುಗಿದಿರಬೇಕು. ಎಲ್ಲ ಅಚ್ಚುಕಟ್ಟಾಗಿ ಕಂಡರೆ ನನ್ನ ಪಾದ್ರಿ ದೀಕ್ಷೆಗೆ ಅಂದೇ ಶಿಫಾರಸು ಬರೆಯುತ್ತಾರಂತೆ. ಈ ಸಾಲನ್ನು ಎಷ್ಟು ಸಲ ಓದಿದ್ದೇನೆಂದರೆ ಕಾಗದದ ಮಡಿಕೆ ಹರಿಯುವುದಕ್ಕೆ ಬಂದಿದೆ.

ಒಂದೇ ಕೊರತೆ. ಬಾಗಿಲನ್ನು ಚೌಕಟ್ಟಿಗೆ ಕೂಡಿಸುವ ಕಬ್ಬಿಣದ ಕೀಲುಗಳನ್ನು ಕಳಿಸುವುದನ್ನೇ ಬಡಿಗ ಮರೆತಿದ್ದಾನೆ. ಲಾಡ್ಲೆಸಾಬನಿಗೆ ಅದರ ಚಿಂತೆಯಿಲ್ಲ.

"ಮುಂದಿನ ಖೇಪಿಗಿ ತರ್ತೇನಿ ಬಿಡ್ರಿ ಮಾಸ್ತರ. ಅಲ್ಲೀತನಕಾ ಗ್ವಾಡಿಗಿ ಆನಿಸಿ ಇಡ್ರಿ. ಬಾಗಲಾ ಎಲ್ಲಿಗಿ ಓಡಿಹೋಗ್ತದ?"

೧೨ ಜೂನ್, ಭಾನುವಾರ

ಹಾಜರಿ: ನಲವತ್ತಮೂರರಲ್ಲಿ ಹನ್ನೊಂದು.

ನನ್ನ ಗಡಿಯಾರದಲ್ಲಿ ಸರಿಯಾಗಿ ಎಂಟಕ್ಕೆ, ಗಂಟೆಯ ಬದಲಿಗೆ ತೂಗುಹಾಕಿದ ರೈಲು ಹಳಿಯ ತುಂಡನ್ನು ಬಾರಿಸಿದೆ. ಎಂಟೂವರೆಗೆ ಎದುರಿಗೆ ಹನ್ನೊಂದು ಜನ, ಅದರಲ್ಲಿ ಮೂವರು ತೂಕಡಿಸುತ್ತಿದ್ದರು. ತಪ್ಪದೆ ಕೂಡಿಬರುವುದರ ಮಹತ್ವದ ಮೇಲೆ ಪ್ರಸಂಗ ಮಾಡಿದೆ. ಬಾರದವರಿಗೆ ಸಲ್ಲಬೇಕಾದ ಬೈಗಳೆಲ್ಲ ಬಂದವರ ಪಾಲಾಯಿತು.

ಬಾರದವರ ನೆಪಗಳನ್ನು ಕೇಳಬೇಕು! ಗೌಂಡಿ ದತ್ತಪ್ಪ ಯಾರದೋ ಬಿದ್ದ ಗೋಡೆ ಎತ್ತುತ್ತಿದ್ದ. ಮಲ್ಕಮ್ಮ ಕುರುಬರ ಮನೆಯ ಹೆರಿಗೆಗೆ ಹೋಗಿದ್ದಳು. ಅವಳ ಅತ್ತೆ ಮರೆಮ್ಮ ಕಡೆಯ ಕೀರ್ತನೆಯ ಹೊತ್ತಿಗೆ ಮೊಳಕಾಲ ತನಕ ಕೆಸರು ಮಾಡಿಕೊಂಡು ಬಂದು ಹಿಂದೆ ಕೂತಳು. ಈ ಮರೆಮ್ಮ ಸಭೆಯ ಹಿರಿಯಳು, ಇಲ್ಲಿ ಮೊದಲು ದೀಕ್ಷಾಸ್ನಾನ ಪಡೆದವಳು. ಅಕ್ಷರ ಬಾರದು, ಹೊತ್ತುಗೊತ್ತು ತಿಳಿಯದು. ಈ ಜನಕ್ಕೆ ಸಭೆ ಎಂದರೇನು ಎಂದು ಹೇಗೆ ತಿಳಿಸಲಿ?

ದತ್ತಪ್ಪನ ಹೆಸರೂ ನನಗೊಂದು ತಲೆನೋವು. ಅವನ ತಾಯಿ ಗಾಣಗಾಪುರದ ದತ್ತನಿಗೆ ಹರಕೆ ಹೊತ್ತು ಹಡೆದವನು. ಪಾದ್ರಿಗಳು ಬರುವುದರೊಳಗೆ ದಾನಿಯೇಲ ಎಂದು ಬದಲಿಸೋಣ ಎಂದರೆ ಮರೆಮ್ಮ ನಕ್ಕಳು.

"ಹುಟ್ಟಿದಾಗಿಂದ ದೇವರು ಅವನಿಗಿ ಇದೇ ಹೆಸರ್ಲೆ ಗುರ್ತ ಹಿಡ್ಯಾನ್ರಿ. ಈಗ ಬದಲ ಮಾಡಿದ್ರ ಹುಡುಕ್ಯಾಡಂಗಿಲ್ಲೇನು?"

ಆಮೇಲೆ, "ನಿಮ್ಮಪ್ಪಾರು ಮಟಕ್ಯಾಗ ಏನ್ ಮಾಡ್ತಿದ್ರು?" ಎಂದು ಕೇಳಿದಳು. ಮಟಕಿ ನನ್ನ ಹುಟ್ಟೂರು. ಒಕ್ಕಲುತನ ಎಂದೆ. ಅಪ್ಪ ಚಂದ್ರಾಮಪ್ಪ ಊರಿನವರ ಹೆಣ ಹೊರುತ್ತಿದ್ದ, ಕುಣಿ ತೋಡುತ್ತಿದ್ದ, ಕರೆದಾಗೆಲ್ಲ ಬಿಟ್ಟಿಯಾಗಿ. ಅದನ್ನು ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. ಚಹಾ ಕುಡಿದು ಹೋಗಿ ಎಂದಳು, ಒಲ್ಲೆನೆಂದೆ. ಇವರ ಮಡಕೆಗಳ ಸ್ವಚ್ಛತೆಯ ಬಗ್ಗೆ ನನಗೆ ಧೈರ್ಯವಿಲ್ಲ. ಮುಚ್ಚಳವಿರುವ ನನ್ನ ತಂಬಿಗೆ ನನಗೆ ಸಾಕು.

೨೬ ಜೂನ್, ಭಾನುವಾರ

ಹಾಜರಿ: ಒಂಬತ್ತು.

ಮಧ್ಯಾಹ್ನ ಎಲ್ಲರನ್ನೂ ಹಿಡಿದು ತಂದು ಪ್ರತಿಷ್ಠೆಯ ವಿಧಿಯ ತಾಲೀಮು ಮಾಡಿಸಿದೆ. ಕೀಲು ಇನ್ನೂ ಬಂದಿಲ್ಲ. ಹಾಗಾಗಿ ದತ್ತಪ್ಪ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದು ನಿಂತ. ಪಾದ್ರಿಗಳ ಪಾತ್ರ ನಾನೇ ವಹಿಸಿದೆ. ಮುಚ್ಚಿದ ಬಾಗಿಲನ್ನು ಪಾದ್ರಿಗಳು ಕೋಲಿನಿಂದ ಮೂರು ಸಲ ಬಡಿಯುತ್ತಾರೆ, ಸಭೆಯ ಹಿರಿಯಳು ಕೀಲಿಕೈ ಒಪ್ಪಿಸುತ್ತಾಳೆ, ಬಾಗಿಲು ತೆರೆಯುತ್ತದೆ, ಎಲ್ಲರೂ ಸಾಲಾಗಿ ಒಳಗೆ ಹೋಗುತ್ತಾರೆ ಎಂದು ವಿವರಿಸಿದೆ.

ಮರೆಮ್ಮ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು, "ಬಡೀವಾಗ ಒಳಗ ಯಾರ ಇರ್ತಾರ್ರಿ?"

"ಯಾರೂ ಇರುವುದಿಲ್ಲ."

"ಯಾರೂ ಇಲ್ಲದ ಮನಿ ಬಾಗಲಾ ಯಾಕ ಬಡೀಬೇಕು?"

ಎಲ್ಲರೂ ನಕ್ಕರು. ಬಾಗಿಲ ಹಿಂದಿನಿಂದ ದತ್ತಪ್ಪನೂ ನಕ್ಕ, ಬಾಗಿಲು ಅಲ್ಲಾಡಿತು. ಇದು ವಿಧಿ, ಹೀಗೆಯೇ ನಡೆಯಬೇಕು ಎಂದು ಗದರಿಸಿದೆ. ಪಾದ್ರಿಗಳ ಎದುರಿಗೆ ಈ ಮುದುಕಿ ಇಂಥದ್ದೇನಾದರೂ ಕೇಳಿದರೆ ನನ್ನ ಗತಿ ಮುಗಿಯಿತು.

೯ ಜುಲೈ, ಶನಿವಾರ

ಮಳೆ. ಎರೆಮಣ್ಣು ಕಾಲಿಗೆ ಬೂಟಿನ ಹಾಗೆ ಮೆತ್ತುತ್ತದೆ. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗುವ ಯಾತ್ರಿಕರು ಸ್ಟೇಷನ್ನಿನಿಂದ ಸಾಲುಗಟ್ಟಿ ನಡೆದು ಬರುತ್ತಿದ್ದಾರೆ. ಮರಾಠಿ ಮಾತು, ತೋಯ್ದ ಗಂಟು, ದತ್ತನಾಮ. ಕೆಲವರು ಮಳೆಗೆ ನಮ್ಮ ಗೋಡೆಯ ಮಗ್ಗುಲಿಗೆ ನಿಂತರು. ಹೊಸ ಗೋಡೆಗೆ ಬೆನ್ನು ಒರಸಬೇಡಿ ಎಂದು ಹೇಳಿ ಬಂದೆ. ಬಾಗಿಲಿಗೆ ಎಣ್ಣೆ ಹಚ್ಚಿ ಗೋಣಿ ಹೊದಿಸಿದ್ದೇನೆ.

೧೪ ಜುಲೈ, ಗುರುವಾರ

ಸಿಟ್ಟಿನಲ್ಲೇ ಬರೆಯಲು ಕೂತಿದ್ದೇನೆ.

ಪ್ರತಿಷ್ಠೆಗೆ ಜನ ಸೇರುವ ಪರವಾನಗಿ ತರುವುದಕ್ಕೆ ಅಫಜಲಪುರದ ಕಚೇರಿಗೆ ಹೋಗಿ, ಎರಡು ದಿನ ಕಾದು, ಇಂದು ಮಧ್ಯಾಹ್ನ ವಾಪಸು ಬಂದೆ. ಬಾಗಿಲು ಇಟ್ಟ ಜಾಗದಲ್ಲಿ ಬರೀ ಗೋಣಿ. ಒಳಗೆ ಹೋದೆ. ಪೀಠ ಕಟ್ಟಬೇಕಾದ ಜಾಗದಲ್ಲಿ ನಾಲ್ಕು ಕಲ್ಲು, ಕಲ್ಲುಗಳ ಮೇಲೆ ನನ್ನ ಬಾಗಿಲು, ಬಾಗಿಲಿನ ಮೇಲೆ ಕಣ್ಣು ಗುಳಿಬಿದ್ದ ಯಾರೋ ಒಬ್ಬ ಮನುಷ್ಯ. ಕೆತ್ತಿದ ಶಿಲುಬೆ ಅವನ ಬೆನ್ನ ಕೆಳಗೆ.

ಕಾಲರಾ. ಗಾಣಗಾಪುರದಿಂದ ಮರಳುವ ಯಾತ್ರಿಕರಲ್ಲಿ ಹಬ್ಬಿದೆಯಂತೆ. ಈತ ಸೊಲ್ಲಾಪುರದವನು, ಹೆಸರು ಗೋವಿಂದರಾವ. ಬೆಳಿಗ್ಗೆ ರಸ್ತೆಯ ಹುಣಸೆಮರದ ಕೆಳಗೆ ವಾಂತಿ ಭೇದಿಯಾಗಿ ಬಿದ್ದನಂತೆ. ಜೊತೆಯವರೆಲ್ಲ ಹೆದರಿ ಸ್ಟೇಷನ್ನಿಗೆ ಓಡಿದರು. ಹೆಂಡತಿ ವತ್ಸಲಾಬಾಯಿ ಒಬ್ಬಳೇ ಉಳಿದು ಅಳುತ್ತಿದ್ದಳು.

"ಪ್ರತಿಷ್ಠೆಯ ಬಾಗಿಲು ಇದು! ಇದನ್ನು ಮುಟ್ಟಲು ಯಾರು ಹೇಳಿದರು?" ಎಂದು ಕೂಗಿದೆ.

ಮರೆಮ್ಮ ರೋಗಿಯ ಬಾಯಿ ಒರಸುತ್ತಿದ್ದಳು, ತಲೆ ಎತ್ತಲಿಲ್ಲ. "ಲಾಡ್ಲೆಸಾಬನ ಗಾಡಿ ಅಚ್ಚಿನ ಮಟಾ ರಾಡ್ಯಾಗ ಹುಗದಿತ್ರಿ. ಮಂಚ ಇರಲಿಲ್ಲ. ಹಲಗಿ ಇತ್ತು."

ಇನ್ನೊಂದು ಸಂಗತಿ ನನ್ನನ್ನು ಚುಚ್ಚಿತು. ಆ ವತ್ಸಲಾಬಾಯಿ ನಮ್ಮವರ ಕೈಯ ನೀರು ಮುಟ್ಟುವುದಿಲ್ಲ. ತನ್ನ ಹಿತ್ತಾಳೆಯ ಚೊಂಬಿನಲ್ಲಿ ತಾನೇ ಸೇದಿ, ತಾನೇ ಕಾಸಿ ಕುಡಿಯುತ್ತಾಳೆ. ಅವಳಿಗಾಗಿ ಮಲ್ಕಮ್ಮ ಮೂಲೆಯಲ್ಲಿ ಬೇರೆ ಒಲೆ ಹೂಡಿ, ಕಟ್ಟಿಗೆ ದೂರದಿಂದ ಇಟ್ಟು ಬರುತ್ತಾಳೆ. ಗಂಡ ನಮ್ಮ ಬಾಗಿಲ ಮೇಲೆ, ಹೆಂಡತಿಗೆ ನಮ್ಮ ನೀರು ಮೈಲಿಗೆ! ಮರೆಮ್ಮನನ್ನು ಹೊರಗೆ ಕರೆದು ಇಂಥ ಅವಮಾನ ಯಾಕೆ ಸಹಿಸಬೇಕು ಎಂದು ಕೇಳಿದೆ.

"ನೀವೂ ಐದ ವರ್ಸದಿಂದ ನಮ್ಮ ಮನ್ಯಾಗ ನೀರ ಕುಡದಿಲ್ರಿ ಮಾಸ್ತರ. ನಾವೇನರೆ ಅಂದೇವೇನು?"

ಹೀಗೆಂದು ಒಳಗೆ ಹೋದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

೧೬ ಜುಲೈ, ಶನಿವಾರ

ಒಂಬತ್ತು ರೋಗಿಗಳು. ಇಬ್ಬರು ಊರಿನವರು, ಉಳಿದವರು ದಾರಿಯವರು. ಅಫಜಲಪುರದ ದವಾಖಾನೆಯಿಂದ ಒಬ್ಬ ಕಂಪೌಂಡರ ಬಂದು ಬಾವಿಗೆ ಕೆಂಪು ಔಷಧ ಹಾಕಿ, ಕುದಿಸಿದ ನೀರಿಗೆ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ, ಬಿಡಬೇಡಿ ಎಂದು ಹೇಳಿ ಹೋದ. ಗೋಡೆಗೆಂದು ಅರಳಿಸಿದ ಸುಣ್ಣವೆಲ್ಲ ಕಕ್ಕಸಿನ ಗುಂಡಿಗೆ ಹೋಯಿತು. ಈ ವರ್ಷ ಗೋಡೆಗೆ ಮಣ್ಣಿನ ಬಣ್ಣವೇ ಗತಿ.

ಇವರಿಗೆ ಹೊತ್ತಿನ ಲೆಕ್ಕವಿಲ್ಲ. ನೆನಪಾದಾಗ ಲೋಟದ ತುಂಬ ಕುಡಿಸುತ್ತಾರೆ, ರೋಗಿ ಕಾರಿಕೊಳ್ಳುತ್ತಾನೆ. ನೋಡಿ ನೋಡಿ ತಡೆಯಲಾರದೆ ನಾನೇ ಗಡಿಯಾರ ಹಿಡಿದು ಕೂತೆ. ಐದು ನಿಮಿಷಕ್ಕೆ ಎರಡು ಚಮಚೆ, ಒಬ್ಬೊಬ್ಬರಿಗೂ. ನಾನು "ಈಗ" ಎಂದ ಕೂಡಲೇ ಒಂಬತ್ತು ಹೆಂಗಸರ ಕೈ ಒಮ್ಮೆಗೇ ಏಳುತ್ತವೆ. ಸಂಜೆಯ ಹೊತ್ತಿಗೆ ಗೋವಿಂದರಾವ ಕಣ್ಣು ಬಿಟ್ಟ.

"ಮಾಸ್ತರ ಗಡಿಯಾಳಕ್ಕ ಇವತ್ತ ಬಾಯಿ ಬಂತ ನೋಡ್ರಿ," ಎಂದು ಮರೆಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು. ಇದು ಹೊಗಳಿಕೆಯೋ ಚೇಷ್ಟೆಯೋ ತಿಳಿಯಲಿಲ್ಲ. ಆದರೂ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.

ಮಲ್ಕಮ್ಮ ಕೊಟ್ಟ ಜೋಳದ ಗಂಜಿ ಎರಡು ಬಟ್ಟಲು ಕುಡಿದೆ. ಉಪ್ಪು ತುಸು ಹೆಚ್ಚಾಗಿತ್ತು.

೧೭ ಜುಲೈ, ಭಾನುವಾರ

ಎಂಟಕ್ಕೆ ಹಳಿ ಬಾರಿಸುವುದು ಮರೆತುಹೋಯಿತು. ಆರಾಧನೆ ನಡೆಯಲಿಲ್ಲ. ಹಾಜರಿ ಬರೆಯೋಣವೆಂದು ತಲೆ ಎತ್ತಿ ನೋಡಿದರೆ ನಲವತ್ತಮೂರೂ ಜನ ಅಲ್ಲೇ ಇದ್ದರು. ಒಬ್ಬರೂ ಕೂತಿರಲಿಲ್ಲ.

ಇಬ್ಬರು ಹೋದರು. ಒಬ್ಬ ಮುದುಕ ಯಾತ್ರಿಕ, ಊರು ಹೆಸರು ಹೇಳುವ ಮೊದಲೇ ಹೋದ. ಇನ್ನೊಬ್ಬಳು ಈ ಊರಿನವಳೇ, ನೇಕಾರರ ಸೊಸೆ. ಮರೆಮ್ಮ ಆ ಮುದುಕನ ಕೈ ತನ್ನ ಕೈಯಲ್ಲಿ ಹಿಡಿದು ಕಡೆಯ ತನಕ ಕೂತಿದ್ದಳು. "ಹೆಸರ ಗೊತ್ತಿಲ್ಲ ಅಂತ ಬಿಟ್ಟು ಏಳಾಕ ಆಗ್ತದೇನ್ರಿ?" ಎಂದಳು. ಇಷ್ಟು ವರ್ಷ ನಾನು ಪ್ರೀತಿಯ ಮೇಲೆ ಎಷ್ಟು ಪ್ರಸಂಗ ಮಾಡಿದೆನೋ. ಇವಳು ಆಗೆಲ್ಲ ಹಿಂದೆ ಕೂತು ಕೇಳಿದಳೋ, ಇಲ್ಲ ಎಲ್ಲಿಯೋ ಕೆಸರಿನಲ್ಲಿ ಇದ್ದಳೋ.

ಮಧ್ಯಾಹ್ನ ಸ್ಟೇಷನ್ ದಾರಿಯಿಂದ ಇನ್ನೊಬ್ಬನನ್ನು ತರಬೇಕಿತ್ತು. ಬಾಗಿಲು ಹೊರಲು ನಾಲ್ಕನೆಯವರಿಲ್ಲ. ನಾನು ಹಿಡಿದೆ. ಒಂದೂವರೆ ಮೈಲು ರಾಡಿ. ಹೆಗಲು ನೋಯತೊಡಗಿದಾಗ ಹಲಗೆ ಅಲ್ಲಾಡದಂತೆ ಮೆಲ್ಲಗೆ ಕೆಳಗೆ ನುಸುಳಿ ಹೆಗಲು ಬದಲಿಸಿದೆ. ಪಕ್ಕದಲ್ಲಿ ನಡೆಯುತ್ತಿದ್ದ ಮರೆಮ್ಮ ನೋಡಿದಳು.

"ಹೆಗಲ ಹೀಂಗ ಬದಲ ಮಾಡೂದು ಯಾರ ಕಲಸಿದ್ರಿ?"

"ನಮ್ಮಪ್ಪ," ಎಂದೆ.

ಬೋರ್ಡಿಂಗ್ ಶಾಲೆ ಸೇರುವ ಮುಂಚೆ ಎರಡು ವರ್ಷ ನಾನೂ ಅಪ್ಪನ ಜೊತೆ ಹೊರುತ್ತಿದ್ದೆ. ಆಗ ಗೌಡ ಕರೆದರೆ ಹೋಗಲೇಬೇಕಿತ್ತು. ಇಂದು ಯಾರೂ ಕರೆದಿರಲಿಲ್ಲ. ಮರೆಮ್ಮ ಸೆರಗಿನಿಂದ ನನ್ನ ಹಣೆಯ ಬೆವರು ಒರಸಿದಳು.

೨೧ ಜುಲೈ, ಗುರುವಾರ

ಕೀಲು ಬಂದವು. ಲಾಡ್ಲೆಸಾಬ ಸ್ಟೇಷನ್ನಿನಿಂದ ನಡೆದೇ ತಂದುಕೊಟ್ಟ. ಎಲ್ಲಿಟ್ಟೆನೋ ನೆನಪಿಲ್ಲ.

೨೪ ಜುಲೈ, ಭಾನುವಾರ

ಗೋವಿಂದರಾವ ಎದ್ದು ನಡೆಯುತ್ತಾನೆ. ಗಂಡ ಹೆಂಡತಿ ಇಂದು ಊರಿಗೆ ಹೊರಟರು. ಹೊರಡುವಾಗ ವತ್ಸಲಾಬಾಯಿ ಆ ಹಿತ್ತಾಳೆಯ ಚೊಂಬನ್ನು ಮಲ್ಕಮ್ಮನ ಒಲೆಯ ಪಕ್ಕಕ್ಕೆ, ನಮ್ಮ ಮಡಕೆಗಳ ನಡುವೆ ಇಟ್ಟಳು. ಮರೆತು ಬಿಟ್ಟಳೆಂದು ಮಲ್ಕಮ್ಮ ಹಿಂದೆ ಓಡಿದಳು.

"ಇರಲಿ ಬಾಯಿ," ಎಂದಳಂತೆ ವತ್ಸಲಾಬಾಯಿ. "ಇಲ್ಲೇ ಇರಲಿ. ಮುಂದ ಬರೋರಿಗೆ ಬೇಕಾಗ್ತದ."

ಮರೆಮ್ಮ ಇದನ್ನು ಕೇಳಿ ಕಣ್ಣು ಒರೆಸಿಕೊಂಡಳು. ಹತ್ತು ದಿನ ಈ ಮುದುಕಿ ಒಂದು ಮಾತನ್ನೂ ಆಡದೆ ಕಾದಳು. ನಾನಾಗಿದ್ದರೆ ಮೊದಲ ದಿನವೇ ಜಗಳ ಮಾಡಿ ಆ ಚೊಂಬನ್ನೂ ಅವಳನ್ನೂ ಕಳೆದುಕೊಳ್ಳುತ್ತಿದ್ದೆ.

ಪಾದ್ರಿಗಳಿಗೆ ಮೊನ್ನೆ ಕಾಗದ ಬರೆದಿದ್ದೆ, ಪ್ರತಿಷ್ಠೆ ಮುಂದೂಡಿ ಎಂದು. ಹಳ್ಳ ತುಂಬಿ ಬಂದು ಟಪಾಲು ಹೋಗಿಲ್ಲವಂತೆ. ಹಾಗಾದರೆ ಅವರು ಬಂದೇ ಬರುತ್ತಾರೆ. ದೇವರ ದಯೆಯಿಂದ ಇಂದು ಹೊಸ ರೋಗಿ ಯಾರೂ ಬರಲಿಲ್ಲ.

೩೦ ಜುಲೈ, ಶನಿವಾರ

ಒಳಗೆ ಇನ್ನು ನಾಲ್ವರೇ, ಅವರೂ ಗುಣದ ದಾರಿಯಲ್ಲಿ. ಬಾಗಿಲನ್ನು ಸುಣ್ಣದ ನೀರಿನಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಇಟ್ಟೆವು. ಒಂದು ಮೂಲೆ ಒಡೆದಿದೆ, ಎಣ್ಣೆಯ ಹೊಳಪೆಲ್ಲ ಹೋಗಿದೆ. ಕೀಲು ಜೋಳದ ಡಬ್ಬಿಯಲ್ಲಿ ಸಿಕ್ಕವು. ನಾಳೆ ಬೆಳಿಗ್ಗೆ ಏಳಕ್ಕೆ ಕೂರಿಸುತ್ತೇನೆ ಎಂದಿದ್ದಾನೆ ದತ್ತಪ್ಪ. ಪಾದ್ರಿಗಳು ಒಂಬತ್ತಕ್ಕೆ.

ಮರೆಮ್ಮ ನಿನ್ನೆಯಿಂದ ಇಲ್ಲ. ಹಳ್ಳದ ಆಚೆಯ ಹೊಲದ ಗುಡಿಸಲಿನಲ್ಲಿ ಕುರಿಗಾರನ ಮನೆಯವರು ರೋಗಕ್ಕೆ ಬಿದ್ದಿದ್ದಾರೆಂದು ಹೋಗಿದ್ದಾಳೆ. ಕೀಲಿಕೈ ಅವಳ ಸೊಂಟದಲ್ಲೇ ಇದೆ.

೩೧ ಜುಲೈ, ಭಾನುವಾರ

ಎಲ್ಲವನ್ನೂ ಬರೆಯಬೇಕು, ಆದರೆ ಮಧ್ಯೆ ಮಧ್ಯೆ ಎದ್ದು ಹೋಗುತ್ತಿದ್ದೇನೆ.

ಏಳಕ್ಕೆ ದತ್ತಪ್ಪ ಮೊದಲ ಮೊಳೆ ಹಿಡಿದು ಸುತ್ತಿಗೆ ಎತ್ತಿದ್ದ. ಆಗ ಕುರಿಗಾರ ಓಡಿ ಬಂದ. "ಮರೆವ್ವಗೂ ಅದೇ ಬ್ಯಾನಿ ಹತ್ಯಾದ್ರಿ. ಕೈಕಾಲು ತಣ್ಣಗ ಆಗಾಕತ್ಯಾವ." ನಮ್ಮನ್ನೆಲ್ಲ ಉಳಿಸಿದ ಮುದುಕಿ!

ದತ್ತಪ್ಪ ಸುತ್ತಿಗೆ ಇಳಿಸದೆ ನನ್ನ ಮುಖ ನೋಡಿದ. ಹಳ್ಳದ ಆಚೆಗೆ ಎರಡು ಮೈಲು, ಗಾಡಿ ಹೋಗುವ ದಾರಿಯಲ್ಲ. ಹೋಗಿ ಬರುವುದಕ್ಕೆ ಎರಡು ಗಂಟೆಯ ಮೇಲೆ ಬೇಕು. ನಾನು ಬಾಗಿಲಿನ ಒಂದು ಮೂಲೆ ಹಿಡಿದೆ. ದತ್ತಪ್ಪ, ಲಾಡ್ಲೆಸಾಬ, ಕುರಿಗಾರ ಉಳಿದ ಮೂರು ಮೂಲೆ. ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಮೈಮೇಲೆ ಇತ್ತೆಂಬುದು ಹಳ್ಳ ದಾಟುವಾಗ ನೆನಪಾಯಿತು.

ಗುಡಿಸಲಿನಲ್ಲಿ ಕುರಿಗಾರನ ಮನೆಯವರು ಎದ್ದು ಕೂತಿದ್ದರು, ಮರೆಮ್ಮ ಒಣಗಿದ ಬಾಳೆಲೆಯಷ್ಟಾಗಿದ್ದಳು. ಎತ್ತಿ ಮಲಗಿಸಿದೆವು. ದಾರಿಯುದ್ದಕ್ಕೂ ಲಾಡ್ಲೆಸಾಬ ತನ್ನ ದೇವರನ್ನು, ನಾನು ನನ್ನ ದೇವರನ್ನು ಗಟ್ಟಿಯಾಗಿಯೇ ಬೇಡುತ್ತ ನಡೆದೆವು. ಐದೈದು ನಿಮಿಷಕ್ಕೆ ನಿಂತು ಎರಡು ಚಮಚೆ ಉಪ್ಪುನೀರು. ಐದು ವರ್ಷ ಇವಳ ಮನೆಯ ಚಹಾ ಒಲ್ಲೆನೆಂದವನು ನಾನು. ಇವಳು ಬದುಕಲಿ, ಬೇರೆ ಏನೂ ಬೇಡ ಎಂದು ಕೇಳಿಕೊಂಡೆ.

ಕೇರಿಗೆ ಬಂದಾಗ ಒಂಬತ್ತೂವರೆ. ದೂರದಿಂದಲೇ ಕಂಡಿತು. ದೊಡ್ಡ ಪಾದ್ರಿಗಳು ಬಿಳಿ ನಿಲುವಂಗಿ ತೊಟ್ಟು, ಕೈಯಲ್ಲಿ ಕೋಲು ಹಿಡಿದು, ಬಾಗಿಲಿಲ್ಲದ ಚೌಕಟ್ಟಿನ ಎದುರಿಗೆ ನಿಂತಿದ್ದರು. ಒಳಗೆ ರೋಗಿಗಳು, ಮಲ್ಕಮ್ಮನ ಒಲೆಯ ಹೊಗೆ. ಬಡಿಯುವುದಕ್ಕೆ ಏನೂ ಇರಲಿಲ್ಲ.

ನಮ್ಮನ್ನು ನೋಡಿ ಅವರು ಪಕ್ಕಕ್ಕೆ ಸರಿದರು. ನಾವು ಒಳಗೆ ಹೆಜ್ಜೆಯಿಡುತ್ತಿದ್ದಂತೆ ಹಲಗೆಯ ಮೇಲಿಂದ ಸಣ್ಣ ದನಿ ಬಂತು.

"ಲೇ ದತ್ಯಾ, ಕಾಲು ಮುಂದ ಮಾಡಿ ಒಯ್ಯಾಕತ್ತೀರಲ್ಲೋ! ನಾ ಇನ್ನಾ ಸತ್ತಿಲ್ಲ."

ನಗು ಬಂತು, ಅಳುವೂ ಬಂತು. ಅಷ್ಟರಲ್ಲಿ ದತ್ತಪ್ಪನ ಕಾಲು ಮೆಟ್ಟಿಲ ರಾಡಿಯಲ್ಲಿ ಜಾರಿತು. ಪಾದ್ರಿಗಳು ಕೋಲು ಬಿಸಾಕಿ ಆ ಮೂಲೆಗೆ ಭುಜ ಕೊಟ್ಟರು. ಬಾಗಿಲು ಹೀಗೆ, ತಲೆ ಮುಂದಾಗಿ ತಿರುಗಿಸಿಕೊಂಡು, ನಾಲ್ವರ ಹೆಗಲ ಮೇಲೆ ಒಳಗೆ ಬಂತು.

ಪ್ರಸಂಗವಿಲ್ಲ, ಮೆರವಣಿಗೆಯಿಲ್ಲ. ಪಾದ್ರಿಗಳು ಮರೆಮ್ಮನ ಪಕ್ಕ ನೆಲಕ್ಕೆ ಮೊಳಕಾಲೂರಿ ಪ್ರಾರ್ಥಿಸಿದರು. ಆಮೇಲೆ ನಿಲುವಂಗಿಯ ತೋಳು ಮಡಚಿ, "ನನಗೇನು ಕೆಲಸ?" ಎಂದು ಕೇಳಿದರು. ಮಲ್ಕಮ್ಮ ಅವರ ಕೈಗೆ ಹಿತ್ತಾಳೆಯ ಚೊಂಬು ಕೊಟ್ಟು ನೀರಿಗೆ ಕಳಿಸಿದಳು.

"ಇವರು ಯಾರು?" ಎಂದು ದತ್ತಪ್ಪನನ್ನು ತೋರಿಸಿ ಕೇಳಿದರು.

"ದತ್ತಪ್ಪ. ಈ ಗೋಡೆ ಕಟ್ಟಿದವನು. ನಮ್ಮ ಸಭೆಯವನು," ಎಂದೆ.

ಹೊರಡುವ ಮುಂಚೆ ಚೀಲದಿಂದ ದಾಖಲೆಯ ಪತ್ರ ತೆಗೆದರು. "ಉಪದೇಶಿಗಳೇ, ಪ್ರತಿಷ್ಠೆಯಾದ ತಾರೀಖು ಎಂದು ಇಲ್ಲೊಂದು ಅಂಕಣ ಇದೆ. ಇಂದು ವಿಧಿಯೇನೂ ನಡೆಯಲಿಲ್ಲ. ಏನು ಬರೆಯಲಿ?"

ನನ್ನ ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಚಮಚೆ ಇತ್ತು. ತಲೆ ಎತ್ತದೆ ಹೇಳಿದೆ, "ಈ ತಿಂಗಳ ಹದಿನಾಲ್ಕು ಬರೀರಿ. ಗುರುವಾರ."

"ಅಂದು ಯಾರು ಬಂದಿದ್ದರು?"

"ಸೊಲ್ಲಾಪುರದವರೊಬ್ಬರು."

ಪೆನ್ನಿನ ಸದ್ದು ಕೇಳಿಸಿತು, ಬರೆದರೆಂದು ಕಾಣುತ್ತದೆ. ಅವರ ಗಾಡಿ ಹೋದ ಮೇಲೆ ನೆನಪಾಯಿತು, ದೀಕ್ಷೆಯ ವಿಷಯ ಕೇಳಲೇ ಇಲ್ಲ. ಇರಲಿ. ಮರೆಮ್ಮನಿಗೆ ಚಮಚೆ ಕೊಡುವ ಹೊತ್ತಾಯಿತು.

೧ ಆಗಸ್ಟ್, ಸೋಮವಾರ

ನಾಡಿ ಸಿಗುತ್ತಿದೆ.

೪ ಆಗಸ್ಟ್, ಗುರುವಾರ

ಮರೆಮ್ಮ ಇಂದು ತನ್ನ ಮನೆಯ ಗೋಡೆಗೆ ಒರಗಿ ಕೂತು ಗಂಜಿ ಕುಡಿದಳು. ಉಪ್ಪು ಸಾಲದು ಎಂದು ಸೊಸೆಯನ್ನು ಬೈದಳು. ಬೈಗಳು ಕೇಳಿ ಇಡೀ ಕೇರಿ ಬಂದು ನೋಡಿ ಹೋಯಿತು.

"ಪಾದ್ರಿಗಳು ಬಾಗಲಾ ಬಡದ್ರೇನ್ರಿ?" ಎಂದು ನನ್ನನ್ನು ಕೇಳಿದಳು.

"ಎಲ್ಲಿ ಬಡೀತಾರಬೇ? ನೀ ಅದರ ಮ್ಯಾಲ ಮಲಗಿದ್ದ್ಯಲ್ಲ."

ಸೊಂಟ ತಡಕಿ ಕೀಲಿಕೈ ತೆಗೆದು ನನ್ನ ಕೈಗೆ ಹಾಕಿದಳು. ಅದರ ನೆನಪು ಯಾರಿಗೂ ಇರಲಿಲ್ಲ. ಅವಳ ಮನೆಯಲ್ಲಿ ಕೂತು ಚಹಾ ಕುಡಿದು ಬಂದೆ.

ದತ್ತಪ್ಪ ಸಂಜೆ ಸುತ್ತಿಗೆ, ಮೊಳೆ ಹಿಡಿದು ಬಂದ. ಇನ್ನೇನು ಬಾಗಿಲು ಕೂರಿಸಬಹುದಲ್ಲ ಎಂದ. ಕೀಲುಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಳ್ಳೆಯ ಕೆಲಸವೇ. ಆದರೆ ಒಮ್ಮೆ ಮೊಳೆ ಹೊಡೆದರೆ ಬಾಗಿಲು ಅಲ್ಲಿಂದ ಅಲ್ಲಾಡುವುದಿಲ್ಲ. ಲಾಡ್ಲೆಸಾಬ ನಾಳೆ ಕಲಬುರ್ಗಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕೀಲುಗಳನ್ನು ಬಡಿಗನಿಗೆ ವಾಪಸು ಕಳಿಸುತ್ತಿದ್ದೇನೆ, ಎತ್ತಿದರೆ ಬಾಗಿಲು ಕಳಚಿ ಕೈಗೆ ಬರುವಂಥವು ಮಾಡಿಕೊಡು ಎಂದು ಚೀಟಿ ಬರೆದು.